ಸ್ಕ್ರೂ ಮೇಲಿನ ಕೆಂಪು ಗೆರೆ

ನಮ್ಮೂರಿನ ಗಂಡಸರು ಬದುಕಿನಲ್ಲಿ ತಾವು ಗೆಲ್ಲದೆ ಬಿಟ್ಟಿದ್ದನ್ನೆಲ್ಲ ಗೆದ್ದುಕೊಳ್ಳಲು ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡಿದ್ದಾರೆ. ಎರಡನೇ ಭಾನುವಾರ. ಅವತ್ತು ಗೋಧಿ ಗೋದಾಮುಗಳ ಆಚೆ, ಊರಿನ ಕಸ ಸುರಿಯುವ ಗುಂಡಿಯ ಪಕ್ಕದ ಕೆಮ್ಮಣ್ಣಿನ ಬಯಲಿನಲ್ಲಿ ಕಿರಿಯರ ಮೋಟಾರ್‌ಸೈಕಲ್ ಕ್ಲಬ್ಬು ಸೇರುತ್ತದೆ. ಗೆಲ್ಲುವ ಕೆಲಸವನ್ನು ನಾಲ್ಕರಿಂದ ಎಂಟು ವರ್ಷದ ಮಕ್ಕಳು ಮಾಡುತ್ತಾರೆ. ಗಂಡಸರು ಬೇಲಿಗೆ ಹೊಟ್ಟೆ ಆನಿಸಿಕೊಂಡು ಕೂಗುತ್ತಾರೆ.

ನನ್ನ ಗಂಡ ಕ್ರೇಗ್ ಅವರಲ್ಲೊಬ್ಬ. ಹದಿನೇಳನೇ ವಯಸ್ಸಿನಲ್ಲಿ ಜಿಲ್ಲಾ ರೇಸಿನಲ್ಲಿ ನಾಲ್ಕನೆಯವನಾಗಿ ಬಂದಿದ್ದನಂತೆ. ಆ ಕತೆ ನಮ್ಮ ಮದುವೆಯ ದಿನವೂ ಒಂದು ಸಲ ಬಂತು. ಓಡಿಸಿದವರು ಒಟ್ಟು ಐದೇ ಜನ, ಐದನೆಯವನ ಗಾಡಿ ಅರ್ಧ ದಾರಿಯಲ್ಲೇ ಕೆಟ್ಟು ನಿಂತಿತ್ತು ಎಂದು ನನಗೆ ಹೇಳಿದ್ದು ಅವನ ತಾಯಿ.

ನಮ್ಮ ಮಗಳು ಪಿಪ್ಪಾಗೆ ಈಗ ಆರು ವರ್ಷ. ಮಾರ್ಚಿನಲ್ಲಿ ಅವಳನ್ನು ಕ್ಲಬ್ಬಿಗೆ ಸೇರಿಸಿದೆವು. ಸೇರಿಸಿದ್ದು ನಾನೇ, ಅದನ್ನು ಮುಚ್ಚಿಡುವುದಿಲ್ಲ. ಅವಳು ಸೈಕಲ್ಲಿನ ಮೇಲೆ ಕೂತು ಬಾಯಲ್ಲೇ ಇಂಜಿನ್ನಿನ ಸದ್ದು ಮಾಡುತ್ತ ಅಂಗಳ ಸುತ್ತುವುದನ್ನು ನೋಡಿ ನೋಡಿ ಆಸೆಯಾಗಿತ್ತು. ಜೊತೆಗೆ ಅಲ್ಲಿ ಕಲಿಸುವವಳು ಗ್ವೆನ್. ಎಪ್ಪತ್ತೊಂದು ವರ್ಷದ ಮುದುಕಿ, ಹಿಂದೆ ಕುರಿ ಉಣ್ಣೆ ಕತ್ತರಿಸುವವರ ಬಿಡಾರಗಳಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಅವಳ ಮೊದಲ ಪಾಠದಲ್ಲಿ ಇಂಜಿನ್ ಇರುವುದಿಲ್ಲ. ಮಕ್ಕಳು ಗಾಡಿ ತಳ್ಳಿಕೊಂಡು ಹೋಗಬೇಕು, ಬ್ರೇಕು ಹಿಡಿಯಬೇಕು, ಹುಲ್ಲಿನ ಮೇಲೆ ಬೇಕಂತಲೇ ಗಾಡಿ ಮಲಗಿಸಿ ಪಕ್ಕಕ್ಕೆ ಉರುಳಿ ಎದ್ದು ನಿಲ್ಲಬೇಕು. ಇಡೀ ಬೆಳಗ್ಗೆ ಅಷ್ಟೇ. "ಬೀಳೋದು ಬಂದ ಮೇಲೆ ಓಡಿಸೋದು" ಅನ್ನುತ್ತಾಳೆ. ಬೇಲಿ ಬಳಿಯ ಗಂಡಸರಿಗೆ ಆ ಬೆಳಗ್ಗೆ ಹಲ್ಲುನೋವು ಬಂದ ಹಾಗಿರುತ್ತದೆ.

ಗ್ವೆನ್ ಮಾಡಿದ ಇನ್ನೊಂದು ಪದ್ಧತಿಯಿದೆ. ಹೊಸ ಮಕ್ಕಳ ಪುಟ್ಟ ಗಾಡಿಗಳಲ್ಲಿ, ಬಲಗೈ ಹಿಡಿಯ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಒಳಗೆ ತಿರುಗಿಸಿಟ್ಟರೆ ಮಗು ಎಕ್ಸಲರೇಟರನ್ನು ಎಷ್ಟೇ ತಿರುಚಲಿ, ಗಾಡಿ ದೊಡ್ಡವರ ನಡಿಗೆಗಿಂತ ಸ್ವಲ್ಪ ಜೋರಾಗಿ ಹೋಗುತ್ತದೆ, ಅಷ್ಟೆ. ಸ್ಕ್ರೂ ಹೊರಗೆ ತೆಗೆದರೆ ಅದೇ ಗಾಡಿ ಕುದುರೆ. ಯಾವ ಮಗುವಿನ ಸ್ಕ್ರೂ ಎಷ್ಟು ತೆಗೆಯಬೇಕು, ಯಾವಾಗ ತೆಗೆಯಬೇಕು ಎಂದು ಹೇಳುವವಳು ಗ್ವೆನ್ ಒಬ್ಬಳೇ. ಅವಳು ತಿರುಗಿಸಿಟ್ಟ ಮೇಲೆ, ಸ್ಕ್ರೂವಿನ ತಲೆಯಿಂದ ಹಿಡಿಯ ಲೋಹದವರೆಗೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯಬೇಕು. ಸ್ಕ್ರೂ ಕದಲಿದರೆ ಗೆರೆ ಮುರಿಯುತ್ತದೆ. ಕ್ಲಬ್ಬಿನಲ್ಲಿ ಪ್ರತಿ ಮನೆಗೂ ಒಂದೊಂದು ಕೆಲಸ ಹಂಚಿರುತ್ತಾರೆ. ಕೆಲವರಿಗೆ ಬಾವುಟ, ಕೆಲವರಿಗೆ ಕಕ್ಕಸು ತೊಳೆಯುವುದು. ನನ್ನ ಪಾಲಿಗೆ ಗೆರೆ ಬಂತು. ನನ್ನದೇ ಕೆಂಪು ಬಣ್ಣದ ಸೀಸೆ. ತಿಂಗಳು ತಿಂಗಳು ರೇಸಿಗೆ ಮುಂಚೆ ಗೆರೆಗಳು ನೆಟ್ಟಗಿವೆಯೇ ಎಂದು ನೋಡಿ ಪಟ್ಟಿಯಲ್ಲಿ ಗುರುತು ಹಾಕುವವಳೂ ನಾನೇ.

ಎರಡು ವರ್ಷದ ಹಿಂದೆ ಒಬ್ಬ ಅಪ್ಪ ಕದ್ದು ಸ್ಕ್ರೂ ತೆಗೆದಿದ್ದ. ಅವನ ಮಗ ಗೆದ್ದುಬಿಟ್ಟ. ಆಗ ಸಮಿತಿಯ ಸಭೆಯಲ್ಲಿ ಮೇಜು ಗುದ್ದಿ, "ಗೆರೆ ಮುರಿದಿದ್ರೆ ಆ ಗಾಡಿ ಮೂರು ತಿಂಗಳು ಹೊರಗೆ! ಅಪ್ಪನ ಹೆಸರು ಮೈಕಿನಲ್ಲಿ ಓದ್ಬೇಕು!" ಎಂದು ನಿಯಮ ತಂದದ್ದು ಯಾರು? ಆಗಲೇ ಸಮಿತಿಯಲ್ಲಿದ್ದ ನನ್ನ ಗಂಡ. ಮಕ್ಕಳ ಜೀವದ ವಿಷಯ ಎಂದು ಅವತ್ತು ಕಣ್ಣಲ್ಲಿ ನೀರು ಕೂಡ ತಂದುಕೊಂಡಿದ್ದ. ಮೈಕಿನಲ್ಲಿ ಮೊದಲು ಓದಿದ್ದು ಆ ಅಪ್ಪನ ಹೆಸರನ್ನೇ. ಆ ರೇಸಿನಲ್ಲಿ ಎರಡನೆಯವನಾಗಿ ಬಂದಿದ್ದವನು ಕ್ರೇಗನ ಅಣ್ಣನ ಮಗ.

ಪಿಪ್ಪಾ ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಪ್ರತಿ ರೇಸಿನಲ್ಲೂ ಕೊನೆಯವಳಾಗಿ ಬಂದಳು. ಅವಳಿಗೆ ಅದು ಗೊತ್ತೇ ಇರಲಿಲ್ಲ. ನಾಲ್ಕು ಸುತ್ತು ತಾನಾಗಿಯೇ ಓಡಿಸಿದೆ ಎಂಬುದೇ ಅವಳ ಹಬ್ಬ. ಒಮ್ಮೆ ದಾರಿ ಮಧ್ಯೆ ಒಂದು ಓತಿ ಬಿಸಿಲು ಕಾಯಿಸುತ್ತ ಮಲಗಿತ್ತು. ಇವಳು ಗಾಡಿ ನಿಲ್ಲಿಸಿ ಅದು ಎದ್ದು ಹೋಗುವವರೆಗೆ ಕಾದಳು. ಬೇಲಿ ಬಳಿ ನಗುವೋ ನಗು. "ಕ್ರೇಗ್, ನಿನ್ನ ಮಗಳು ಟ್ರಾಫಿಕ್ ಪೊಲೀಸ್ ಆಗ್ತಾಳೆ ಕಣೋ!" ಕ್ರೇಗನ ಕಿವಿ ಕೆಂಪಾದದ್ದು ನನಗೆ ಮೈದಾನದ ಈ ತುದಿಯಿಂದಲೇ ಕಂಡಿತು. ಮನೆಗೆ ಹೋಗುವಾಗ ಅವಳು ಓತಿಯ ಕತೆ ಹೇಳಿದ್ದೇ ಹೇಳಿದ್ದು. ಅವನು ರೇಡಿಯೋ ಜೋರು ಮಾಡಿದ.

ಅಕ್ಟೋಬರಿನ ರೇಸಿಗೆ ಮೂರು ದಿನ ಇರುವಾಗ, ಗುರುವಾರ, ಅವಳಿಗೆ ಸ್ನಾನ ಮಾಡಿಸುತ್ತಿದ್ದೆ. ತೊಡೆಯ ಹೊರಬದಿಯಲ್ಲಿ ಅಂಗೈಯಗಲ ನೀಲಿ. ಮೊಣಕೈ ತರಚಿತ್ತು.

"ಇದೇನೇ ಕಂದಾ?"

"ಬಿದ್ದೆ."

"ಎಲ್ಲಿ?"

ಸೋಪಿನ ನೊರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ಕೂತಳು. "ಮೆಟ್ಟಿಲ ಮೇಲೆ," ಅಂದಳು. ನಮ್ಮ ಮನೆಗಿರುವುದು ಒಂದೇ ಮೆಟ್ಟಿಲು. ಆಮೇಲೆ, "ಅಮ್ಮ, ಭಾನುವಾರ ಹೊಟ್ಟೆನೋವು ಬಂದ್ರೆ ರೇಸಿಗೆ ಹೋಗ್ಬೇಕಾ?" ಎಂದು ಕೇಳಿದಳು.

"ನೋವು ಬಂದ್ರೆ ಬೇಡ. ಬರುತ್ತೆ ಅನ್ಸುತ್ತಾ?"

"ಬರಬಹುದು," ಎಂದು ನೊರೆಗೆ ಹೇಳಿದಳು.

ನಾನು ಅವಳನ್ನು ಇನ್ನಷ್ಟು ಕೆದಕಲಿಲ್ಲ. ಮಕ್ಕಳಿಂದ ಮಾತನ್ನು ಹಿಂಡಬಾರದು, ಅದು ತಾನಾಗಿ ಹಣ್ಣಾಗಿ ಬೀಳಬೇಕು. ಅವಳು ಗೆಲ್ಲುವುದು ನನಗೆ ಬೇಕಿರಲಿಲ್ಲ. ಮೈ ಮುರಿದುಕೊಳ್ಳಬಾರದು, ಓತಿಗೆ ದಾರಿ ಬಿಟ್ಟ ಆ ಖುಷಿ ಅವಳಲ್ಲಿ ಉಳಿಯಬೇಕು. ಅಷ್ಟೇ ಬೇಕಿತ್ತು. ಆ ಖುಷಿ ಎಲ್ಲೋ ಸೋರಿಹೋಗುತ್ತಿತ್ತು, ಎಲ್ಲಿ ಎಂದು ತಿಳಿಯುತ್ತಿರಲಿಲ್ಲ.

ಭಾನುವಾರ ಹೊಟ್ಟೆನೋವು ಬರಲಿಲ್ಲ. ಅವಳು ಸುಮ್ಮನೆ ಬಂದು ಕಾರಿನಲ್ಲಿ ಕೂತಳು. ಕ್ರೇಗ್ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದ.

ತಪಾಸಣೆಯ ಮೇಜಿನ ಬಳಿ ಗ್ವೆನ್ ಮುಕ್ಕಾಲಿ ಹಾಕಿಕೊಂಡು ಕೂತು ಒಂದೊಂದೇ ಗಾಡಿಯ ಬ್ರೇಕು ಹಿಂಡಿ, ಚೈನು ಎಳೆದು ನೋಡುತ್ತಿದ್ದಳು. ಪಕ್ಕದಲ್ಲಿ ನಾನು ಪಟ್ಟಿ ಹಿಡಿದು ನಿಂತಿದ್ದೆ. ಎಂದೂ ಈ ಕಡೆ ತಲೆಹಾಕದ ಕ್ರೇಗ್ ಅವತ್ತು ತಾನೇ ಪಿಪ್ಪಾಳ ಗಾಡಿ ತಳ್ಳಿಕೊಂಡು ಬಂದ. ಹೆಲ್ಮೆಟ್ ಹಾಕಿಕೊಂಡು ಅವಳು ಹಿಂದೆ ನಿಂತಿದ್ದಳು, ದೊಡ್ಡ ತಲೆಯ ಸಣ್ಣ ಇರುವೆಯ ಹಾಗೆ.

"ಏನ್ ಗ್ವೆನ್, ಸೊಂಟ ಹೇಗಿದೆ?" ಎಂದ ಕ್ರೇಗ್. ಗ್ವೆನ್‌ಳ ಸೊಂಟದ ಬಗ್ಗೆ ಇಷ್ಟು ವರ್ಷದಲ್ಲಿ ಅವನು ಕೇಳಿದ ಮೊದಲ ಮಾತು ಅದು.

"ಇದ್ದಲ್ಲೇ ಇದೆ. ನೀನು ಆ ಕಡೆ ಸರಿ, ಬೆಳಕು ಬಿಡು."

ನಾನು ಹಿಡಿಯ ಕಡೆ ಬಗ್ಗಿದೆ. "ಅಯ್ಯೋ, ನಿನ್ನ ಮಗಳ ಗಾಡೀನೂ ನೋಡ್ಬೇಕಾ ಟೆಸ್? ಟಿಕ್ ಹಾಕು, ಹಿಂದೆ ಸಾಲು ನಿಂತಿದೆ," ಎಂದ.

ನಾನು ಎಳೆಯುವ ಗೆರೆ ದಾರದಷ್ಟು ತೆಳು. ಸೆಪ್ಟೆಂಬರಿನ ಗೆರೆ ಇಷ್ಟು ಹೊತ್ತಿಗೆ ಧೂಳು ಕುಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿರಬೇಕಿತ್ತು. ಅಲ್ಲಿ ಬ್ರೆಡ್ಡಿನ ಮೇಲೆ ಜಾಮ್ ಬಿದ್ದ ಹಾಗೆ ಒಂದು ಮುದ್ದೆ ಕೂತಿತ್ತು, ಫಳಫಳ ಹೊಳೆಯುತ್ತ. ಹೆಬ್ಬೆರಳಿನಿಂದ ಒತ್ತಿದೆ. ಬೆರಳಿಗೆ ಅಂಟಿಕೊಂಡು ಬಂತು.

ನನ್ನದೇ ಸೀಸೆ. ಬಚ್ಚಲುಮನೆಯ ಕಪಾಟಿನದು. ಬೆಳಗ್ಗೆ ನಾನು ದಾರಿಗೆಂದು ತಿಂಡಿ ಕಟ್ಟುತ್ತಿದ್ದಾಗ ಈ ಮನುಷ್ಯ ಶೆಡ್ಡಿನಲ್ಲಿ ಮಂಡಿಯೂರಿ ಕೂತು ತನ್ನ ಆ ಕೊಡಲಿಯಂಥ ಕೈಯಲ್ಲಿ ನೇಲ್ ಪಾಲಿಶ್ ಹಚ್ಚುತ್ತಿದ್ದ! ಅದನ್ನೂ ನೆಟ್ಟಗೆ ಹಚ್ಚಲು ಬಂದಿರಲಿಲ್ಲ. ಅವನ ಬಲಗೈ ನೋಡಿದೆ. ಹೆಬ್ಬೆರಳ ಸಂದಿಯಲ್ಲಿ ಕೆಂಪು. ಕೈ ಮೆಲ್ಲಗೆ ಜೇಬಿಗೆ ಹೋಯಿತು.

"ಇದನ್ನ ಯಾವಾಗ ಹಚ್ಚಿದೆ?" ಎಂದೆ.

"ಏನನ್ನ?"

"ಕ್ರೇಗ್."

"ಬಿಸಿಲಿಗೆ ಕರಗಿರುತ್ತೆ ಕಣೇ."

ಗ್ವೆನ್ ಬ್ರೇಕಿನಿಂದ ತಲೆ ಎತ್ತಲಿಲ್ಲ. "ಅದು ಬಿಸಿಲಿಗೆ ಕರಗೋ ಹಾಗಿದ್ರೆ ಈ ಊರಿನ ಹೆಂಗಸರೆಲ್ಲ ಬೇಸಿಗೇಲಿ ಬೆರಳು ಬಕೇಟಲ್ಲಿ ಇಟ್ಕೊಂಡು ಓಡಾಡ್ಬೇಕಿತ್ತು," ಅಂದಳು.

ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ತೊಡೆಯ ಮೇಲಿನ ನೀಲಿ ನೆನಪಾಯಿತು. ಬುಧವಾರ ಇಬ್ಬರೂ ಅವನ ಅಣ್ಣನ ಹೊಲಕ್ಕೆ ಕುರಿಮರಿ ನೋಡಲು ಹೋಗಿದ್ದರು. ಎಷ್ಟು ಮರಿ ಇದ್ದವು ಎಂದು ನಾನು ಕೇಳಿದಾಗ ಒಬ್ಬರು ನಾಲ್ಕು ಅಂದಿದ್ದರು, ಇನ್ನೊಬ್ಬರು ಹತ್ತು.

"ಎಷ್ಟು ಸಲ ಬಿದ್ಲು?" ಎಂದು ಕೇಳಿದೆ.

"ಒಂದೇ ಸಲ. ಬೇಲಿ ಹತ್ರ. ನಿಧಾನಕ್ಕೇ ಬಿದ್ಲು." ಆಮೇಲೆ ದನಿ ತಗ್ಗಿಸಿ, "ಎರಡೂವರೆ ಸುತ್ತು ತಿರುಗಿಸಿದ್ದೀನಿ ಅಷ್ಟೆ. ಅವಳಿಗೆ ಕೈ ಇದೆ ಟೆಸ್, ನನ್ನ ಕೈ. ಎಷ್ಟು ದಿನ ಹೀಗೆ ಬಸವನಹುಳ ಥರ ಕೊನೇಲಿ ಬರೋದು? ಎಲ್ಲರೂ ನಗ್ತಾರೆ."

"ಯಾರನ್ನ ನೋಡಿ ನಗ್ತಾರೆ?"

ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ಅವನು ಹದಿನೇಳನೇ ವಯಸ್ಸಿನಿಂದ ತಪ್ಪಿಸಿಕೊಂಡು ಬಂದಿದ್ದಾನೆ.

ಅಷ್ಟರಲ್ಲಿ ಹಿಂದಿನಿಂದ ಪಿಪ್ಪಾ ಬಂದು ಅವನ ಪ್ಯಾಂಟು ಹಿಡಿದು ಎಳೆದಳು. ಹೆಲ್ಮೆಟ್ಟಿನ ಒಳಗಿಂದ ಅವಳ ದನಿ ಡಬ್ಬಿಯೊಳಗಿನ ಜೀರುಂಡೆಯ ಹಾಗೆ ಕೇಳಿಸಿತು.

"ಅಪ್ಪ, ನಾನು ಹೇಳ್ಲಿಲ್ಲ. ಆಣೆ ಮಾಡಿ ಹೇಳ್ತೀನಿ ಅಪ್ಪ, ನಾನು ಹೇಳ್ಲೇ ಇಲ್ಲ. ಅಮ್ಮನೇ ಕಂಡುಹಿಡಿದಿದ್ದು."

ಅಲ್ಲಿಯವರೆಗೆ ನನಗೆ ಸಿಟ್ಟಿತ್ತು. ಸಿಟ್ಟಿನಲ್ಲಿ ಒಂದು ಬಗೆಯ ಮರ್ಯಾದೆಯಾದರೂ ಇರುತ್ತದೆ, ಎದುರಿಗೊಬ್ಬ ಮನುಷ್ಯನಿದ್ದಾನೆ ಎಂದು ಒಪ್ಪಿಕೊಂಡ ಹಾಗೆ. ಆ ಮಾತು ಕೇಳಿದ ಮೇಲೆ ಅದೂ ಉಳಿಯಲಿಲ್ಲ. ನಾಲ್ಕು ದಿನ ಈ ಮಗು ನೋವನ್ನೂ ಹೆದರಿಕೆಯನ್ನೂ ಬಾಯಲ್ಲಿಟ್ಟುಕೊಂಡು ಓಡಾಡಿತ್ತು, ನಲವತ್ತು ವರ್ಷದ ಗಂಡಸು ಬೇಲಿಯ ಬಳಿ ನಗೆಪಾಟಲಾಗಬಾರದೆಂದು.

ಕ್ಲಬ್ಬಿನ ಅಧ್ಯಕ್ಷ ನೆವ್ ಟೋಪಿ ಸರಿಮಾಡಿಕೊಳ್ಳುತ್ತ ಬಂದ. ಜಗಳದ ವಾಸನೆ ಬಂದರೆ ಸಾಕು, ಮುಗುಳ್ನಗೆಯೊಂದಿಗೆ ಹಾಜರಾಗುವ ಮನುಷ್ಯ. ವಿಷಯ ಕೇಳಿ, "ಓ, ಇಷ್ಟೇನಾ?" ಅಂದ. "ಸ್ಕ್ರೂ ಒಳಗೆ ತಿರುಗಿಸು, ಹೊಸ ಗೆರೆ ಎಳಿ, ಆಯ್ತು. ಎರಡು ನಿಮಿಷದ ಕೆಲಸ. ಸಮಿತಿಯವನ ಹೆಸರು ಮೈಕಲ್ಲಿ ಓದಿದ್ರೆ ಕ್ಲಬ್ಬಿಗೇ ಚೆನ್ನಾಗಿರಲ್ಲ ಅಲ್ವಾ ತಾಯಿ?"

"ಹೋದ ಸಲ ಓದಿದಾಗ ಚೆನ್ನಾಗಿತ್ತಾ?" ಎಂದೆ.

"ಅದು ಬೇರೆ ಥರ…"

"ಯಾವ ಥರ?"

ನೆವ್ ಆಕಾಶ ನೋಡಿದ. ಅಲ್ಲಿ ಸಹಾಯಕ್ಕೆ ಯಾರೂ ಇರಲಿಲ್ಲ, ಎರಡು ಕಾಕಟೂ ಹಕ್ಕಿಗಳು ಹಾರುತ್ತಿದ್ದವು.

"ಮನೆ ವಿಷಯ ಮನೇಲಿ ಮಾತಾಡೋಣ ಟೆಸ್," ಎಂದ ಕ್ರೇಗ್ ಹಲ್ಲುಗಳ ನಡುವಿನಿಂದ.

"ಮನೆ ಸೀಸೆ ಶೆಡ್ಡಿಗೆ ಒಯ್ದಾಗ ಅದು ನೆನಪಿರ್ಬೇಕಿತ್ತು."

ಪಟ್ಟಿಯಲ್ಲಿ ಪಿಪ್ಪಾಳ ಹೆಸರಿನ ಮುಂದೆ 'ಮುರಿದಿದೆ' ಎಂದು ಬರೆದೆ. ಕಾಗದವನ್ನು ನೆವ್‌ನ ಕೈಗೆ ಕೊಟ್ಟೆ. ಅವನು ಅದನ್ನು ಬಿಸಿ ತಟ್ಟೆ ಹಿಡಿದವನಂತೆ ಹಿಡಿದುಕೊಂಡು ಮೈಕಿನ ಕಡೆ ಹೋದ. ಅವನು ಓದುವುದನ್ನು ಇಡೀ ಬಯಲು ಕೇಳಿತು. ನೆವ್ ಹೆಸರನ್ನು ಬೇಗ ಬೇಗ ನುಂಗಲು ನೋಡಿದ. ಆದರೆ ಮೈಕು ಹಳೆಯದು, ಪ್ರತಿ ಮಾತನ್ನೂ ಎರಡೆರಡು ಸಲ ಹೇಳುತ್ತದೆ. ಕ್ರೇಗ್ ತನ್ನ ಬೂಟಿನ ಲೇಸನ್ನು ತುಂಬ ಶ್ರದ್ಧೆಯಿಂದ ಕಟ್ಟಿಕೊಂಡ.

ಪಿಪ್ಪಾ ಹೆಲ್ಮೆಟ್ ತೆಗೆದಿರಲಿಲ್ಲ. ಒಳಗೆ ಅಳುತ್ತಿದ್ದಳು. ಹೆಲ್ಮೆಟ್ಟಿನ ಗಾಜು ಮಂಜಾಗಿತ್ತು. ನಾನು ಮಂಡಿಯೂರಿ ಕೂತು ಗಲ್ಲದ ಪಟ್ಟಿ ಬಿಚ್ಚಿದೆ.

"ನಾನು ತಪ್ಪು ಮಾಡಿದ್ನಾ?"

"ಇಲ್ಲ ಕಂದಾ."

"ಹಾಗಾದ್ರೆ ಯಾಕೆ ನಾನು ಓಡಿಸೋ ಹಾಗಿಲ್ಲ?"

ನಾನು ಮಾಡಿದ್ದೆಲ್ಲ ಸರಿ, ಕೊನೆಗೆ ಅಳುತ್ತಿರುವವಳು ಅವಳು. ಗ್ವೆನ್ ಮುಕ್ಕಾಲಿಯಿಂದ ಎರಡು ಕಂತಿನಲ್ಲಿ ಎದ್ದಳು.

"ಯಾರಮ್ಮ ಹಾಗಂದಿದ್ದು? ಗಾಡೀನ ಹೊರಗೆ ಹಾಕಿದ್ದು, ನಿನ್ನನ್ನಲ್ಲ. ಶೆಡ್ಡಲ್ಲಿ ಕ್ಲಬ್ ಗಾಡಿ ಬಿದ್ದಿದೆ. ಬೇಕಾದ್ರೆ ತಗೋ, ಬೇಡದಿದ್ರೆ ಬಂದು ನನ್ನ ಜೊತೆ ಬಿಸ್ಕತ್ ತಿನ್ನು. ಎರಡೂ ಒಳ್ಳೇದೇ."

ಕ್ಲಬ್ ಗಾಡಿ ಎಂದರೆ ನೋಡಲು ಬಂದ ಮಕ್ಕಳನ್ನು ಒಂದು ಸುತ್ತು ಕೂರಿಸಲು ಇಟ್ಟದ್ದು. ಕೆಂಪು ಬಣ್ಣ ಬಿಸಿಲಿಗೆ ಗುಲಾಬಿಯಾಗಿತ್ತು. ಸೀಟಿಗೆ ಅಂಟುಪಟ್ಟಿ ಸುತ್ತಿತ್ತು.

"ಆ ಡಬ್ಬದ ಮೇಲೆ ನನ್ನ ಮಗಳಾ?" ಎಂದ ಕ್ರೇಗ್.

ಯಾರೂ ಅವನ ಕಡೆ ತಿರುಗಲಿಲ್ಲ. ಪಿಪ್ಪಾ ಗಾಡಿಯ ಸುತ್ತ ಒಮ್ಮೆ ಬಂದಳು. ಹಿಡಿಯನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಇದೂ ನೆಗೆಯುತ್ತಾ?" ಎಂದು ಕೇಳಿದಳು. ಆ ಒಂದು ಪ್ರಶ್ನೆಯಲ್ಲಿ ಬುಧವಾರದ ಹೊಲ, ಬೇಲಿ, ಬಿದ್ದದ್ದು ಎಲ್ಲ ಇತ್ತು.

"ಇದಾ? ಇದು ನನ್ನ ಥರ. ಏದುಸಿರು ಬಿಡುತ್ತೆ, ನೆಗೆಯಲ್ಲ," ಅಂದಳು ಗ್ವೆನ್. "ಹೆದರಿಕೆ ಆದ್ರೆ ದಾರ ಕಟ್ಟೋಣ."

ಹೊಚ್ಚ ಹೊಸ ಮಕ್ಕಳಿಗೆ ಕಟ್ಟುವ ದಾರ ಅದು. ಒಂದು ತುದಿ ಇಂಜಿನ್ ಆರಿಸುವ ಗುಂಡಿಗೆ, ಇನ್ನೊಂದು ತುದಿ ಗಾಡಿಯ ಹಿಂದೆ ಓಡುವ ದೊಡ್ಡವರ ಕೈಗೆ. ಎಳೆದರೆ ಗಾಡಿ ನಿಲ್ಲುತ್ತದೆ. ಅದಕ್ಕೂ ಗ್ವೆನ್‌ಳದೊಂದು ಕಟ್ಟಳೆ: ದಾರ ಹಿಡಿದವರು ಬಾಯಿ ಬಿಡುವ ಹಾಗಿಲ್ಲ. ವೇಗ ಎಷ್ಟು ಎಂದು ಹೇಳುವುದು ಮಗು.

ನಾನು ಪಟ್ಟಿ ಕೆಳಗಿಟ್ಟು ಓಡಲು ಚಪ್ಪಲಿ ಬಿಟ್ಟೆ.

"ಅಪ್ಪ ಓಡ್ಲಿ," ಎಂದಳು ಪಿಪ್ಪಾ.

ನನ್ನ ಮುಖ ಹೇಗಾಯಿತೋ ಗೊತ್ತಿಲ್ಲ. ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತ ನನಗೆ ಸಮಾಧಾನ ಹೇಳುವವಳಂತೆ, "ಸ್ಕ್ರೂ ತೆಗೆದಿದ್ದು ಅಪ್ಪ ಅಲ್ವಾ ಅಮ್ಮ," ಅಂದಳು. ಅದರಲ್ಲಿ ಸೇಡಿರಲಿಲ್ಲ. ಚೆಲ್ಲಿದವರು ಒರೆಸಬೇಕು, ಅದು ನಮ್ಮ ಅಡುಗೆಮನೆಯ ನಿಯಮ. ಅವಳಿಗೆ ಅಷ್ಟೇ ಗೊತ್ತು.

ಕ್ರೇಗ್ ಬೇಲಿಯ ಕಡೆ ನೋಡಿದ. ಅಲ್ಲಿ ಇಪ್ಪತ್ತು ಹೊಟ್ಟೆಗಳು ಸಾಲಾಗಿ ನಿಂತಿದ್ದವು. ಅವನು ಆಗುವುದಿಲ್ಲವೆಂದು ಕಾರಿನಲ್ಲಿ ಹೋಗಿ ಕೂರುತ್ತಾನೆ ಎಂದುಕೊಂಡೆ. ಗ್ವೆನ್ ದಾರವನ್ನು ಅವನ ಮುಂದೆ ಹಿಡಿದಳು, ಕೆಟ್ಟ ಮೀನನ್ನು ಬಾಲದಿಂದ ಹಿಡಿದ ಹಾಗೆ. ಅವನು ತೆಗೆದುಕೊಂಡ.

ಬಾವುಟ ಬಿತ್ತು. ಏಳು ಮಕ್ಕಳು ಗುಯ್ಯೆಂದು ಹೋದರು. ಎಂಟನೆಯವಳು ಪುಟ್‌ಪುಟ್ ಅನ್ನುತ್ತ ಹೊರಟಳು. ಹಿಂದೆ ನನ್ನ ಗಂಡ, ಉಕ್ಕಿನ ಮೂತಿಯ ಬೂಟು, ಸೊಂಟದಿಂದ ಜಾರುವ ಪ್ಯಾಂಟು, ಒಂದು ಕೈಯಲ್ಲಿ ದಾರ. ಬೇಲಿಗೆ ಇಂಥ ಹಬ್ಬ ಎಂದೂ ಸಿಕ್ಕಿರಲಿಲ್ಲ.

"ಕ್ರೇಗ್! ಗೇರ್ ಬದಲಾಯ್ಸೋ!"

"ಅವನ ಸ್ಕ್ರೂ ಯಾರೋ ಪೂರ್ತಿ ಟೈಟ್ ಮಾಡ್ಬಿಟ್ಟಿದ್ದಾರೆ ಕಣ್ರೋ!"

"ದಾರ ಯಾರು ಯಾರಿಗೆ ಕಟ್ಟಿರೋದು?"

ಬಿದ್ದವರನ್ನು ನೋಡಿ ನಗಲು ಈ ಗಂಡಸರಿಗೆ ಗೆಳೆಯ, ಹಗೆ ಎಂಬ ಭೇದವಿಲ್ಲ. ಅವರು ನಗುವುದನ್ನು ನೋಡಿ ನನಗೆ ಒಂದಿಷ್ಟಾದರೂ ಮರುಕ ಬರಬೇಕಿತ್ತು. ಬರಲಿಲ್ಲ. ಬಾಯಿ ಬಿಡುವ ಹಾಗಿಲ್ಲವಾದ್ದರಿಂದ ಅವನು ತಿರುಗಿ ಬೈಯುವ ಹಾಗೂ ಇರಲಿಲ್ಲ. ಎರಡನೇ ಸುತ್ತಿನಲ್ಲಿ ಮುಖ ಬೀಟ್‌ರೂಟ್ ಆಗಿತ್ತು. ಉಳಿದ ಮಕ್ಕಳೆಲ್ಲ ಮುಗಿಸಿ ಹೆಲ್ಮೆಟ್ ತೆಗೆದು ಜ್ಯೂಸು ಕುಡಿಯುತ್ತಿದ್ದಾಗ ಇವರಿಬ್ಬರದು ಮೂರನೆಯ ಸುತ್ತು. ಆಗ ಪಿಪ್ಪಾ ಒಮ್ಮೆ ಹಿಂದೆ ತಿರುಗಿ ನೋಡಿದಳು. ಗಾಡಿಯ ಸದ್ದು ಇನ್ನಷ್ಟು ತಗ್ಗಿತು. ಅವನಿಗಾಗಿ ನಿಧಾನ ಮಾಡಿದ್ದಳು.

ಕೊನೆಯ ಸುತ್ತಿನಲ್ಲಿ ಅವನು ಓಡಲಿಲ್ಲ, ನಡೆದ. ಗಾಡಿ ಅವನ ನಡಿಗೆಯಷ್ಟೇ ವೇಗದಲ್ಲಿ ಬಂತು. ಪಿಪ್ಪಾ ಗೆರೆ ದಾಟಿ, ಬ್ರೇಕು ಹಿಡಿದು, ಗ್ವೆನ್ ಕಲಿಸಿದ ಹಾಗೆ ಮೊದಲು ಎಡಗಾಲು ಊರಿ ಇಳಿದಳು. ಹೆಲ್ಮೆಟ್ ತೆಗೆದಾಗ ಮುಖದ ತುಂಬ ಧೂಳು. ಆ ಧೂಳಿನೊಳಗಿಂದ ನಗುತ್ತಿದ್ದಳು. ಗುರುವಾರದಿಂದ ನಾನು ಹುಡುಕುತ್ತಿದ್ದ ನಗು.

"ಅಮ್ಮ, ಅಪ್ಪಂಗೆ ನೀರು."

ಅವನು ಮಂಡಿಗಳ ಮೇಲೆ ಕೈಯೂರಿ ನಿಂತು ಉಸಿರು ಹುಡುಕುತ್ತಿದ್ದ. ಬಾಟಲಿ ಕೊಟ್ಟೆ. ಅರ್ಧ ಕುಡಿದ, ಅರ್ಧ ತಲೆಯ ಮೇಲೆ ಸುರಿದುಕೊಂಡ. ಮಾತು ಬಂದ ಕೂಡಲೇ ಅವನ ಬಾಯಿಂದ ಏನು ಬರಬಹುದು ಎಂದು ಕಾದೆ. ಕ್ಷಮಿಸು ಎಂದಾನೇ? ಮಗಳಿಗಾದರೂ?

"ಆ ಕೊನೇ ತಿರುವಲ್ಲಿ," ಎಂದ ಏದುತ್ತ, "ಇನ್ನೂ ಸ್ವಲ್ಪ ಸ್ಪೀಡ್ ಕೊಡಬಹುದಿತ್ತು ಪಿಪ್."

ಗ್ವೆನ್ ಕಣ್ಣು ಮುಚ್ಚಿಕೊಂಡಳು.

ಪಿಪ್ಪಾ ಕೈಗವಸು ಎಳೆದು ತೆಗೆಯುತ್ತ ಅವನನ್ನು ನೋಡಿದಳು, ಕಾಯಿಲೆಯವರನ್ನು ನೋಡುವ ಹಾಗೆ. "ಕೊಡಬಹುದಿತ್ತು. ಆದ್ರೆ ನಿಂಗೆ ಆಗ್ತಿರ್ಲಿಲ್ಲ ಅಪ್ಪ," ಅಂದಳು.

ನಾನು ಖಾಲಿ ಬಾಟಲಿ ಅವನ ಕೈಯಿಂದ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು, ಮುಂದಿನ ಗುಂಪಿನ ಗಾಡಿಗಳನ್ನು ನೋಡಲು ಮೇಜಿಗೆ ಮರಳಿದೆ. ಸಾಲಿನ ಮೊದಲಲ್ಲಿ ನಿಂತಿದ್ದ ಅಪ್ಪ ನಾನು ಕೇಳುವ ಮೊದಲೇ ಮಗನ ಗಾಡಿಯ ಹಿಡಿಯನ್ನು ನನ್ನ ಕಡೆ ತಿರುಗಿಸಿ ಹಿಡಿದ.